ಬೋರಲು ಹಾಕಿದ ಗಡಿಗೆ

ಪವಾಡ, ಗಿವಾಡ ಅಂತ ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವಳು ನಾನು. ಈಗ ಕೂತು ಕೇಳುತ್ತೇನೆ, ಅಷ್ಟೇ ಬದಲಾವಣೆ. ಸಿಂದಗಿ ಕಡೆಯ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ. ಭೂಮಿಯ ಮೇಲಿನ ಅತಿ ಬಿಸಿಯ ಜಾಗಗಳೆಂದು ಇರಾನಿನ ಲೂತ್ ಮರುಭೂಮಿ, ಅಮೆರಿಕದ ಡೆತ್ ವ್ಯಾಲಿ ಎಲ್ಲ ಬೋರ್ಡಿನ ಮೇಲೆ ಬರೆದರೆ ಮಕ್ಕಳು, "ಟೀಚರ್, ನಮ್ಮ ಸಿಂದಗಿ ಬಿಟ್ರಿ" ಅನ್ನುತ್ತವೆ. ಹವಾಮಾನದವರು ನೆರಳಿನಲ್ಲಿ ಅಳೆಯುತ್ತಾರೆ, ಬಿಸಿಲಲ್ಲಿ ನಿಂತವನ ಪಾಡು ಬೇರೆ ಎಂದು ನಾನು ವಿವರಿಸುತ್ತೇನೆ. ಆ ಪಾಡು ನನಗೆ ಪುಸ್ತಕದಿಂದಷ್ಟೇ ಗೊತ್ತಿತ್ತು.

ನಮ್ಮ ಊರಿಗೂ ಹೊಲಕ್ಕೂ ನಡುವೆ ಇರುವುದು ಒಂದೇ ಬೇವಿನ ಮರ. ಅದರ ಕೆಳಗೆ ಅತ್ತೆ ಪ್ರತಿ ಬೇಸಿಗೆ ಎರಡು ಮಣ್ಣಿನ ಗಡಿಗೆ ಇಟ್ಟು, ದಾರಿಹೋಕರಿಗೆ ಅರವಟಿಗೆ ನಡೆಸುತ್ತಿದ್ದರು. ಸೋಮವಾರಕ್ಕೊಮ್ಮೆ ಗಡಿಗೆ ತೊಳೆದು, ಬೋರಲು ಹಾಕಿ ಒಣಗಿಸಿ, ಆಮೇಲೆ ತುಂಬುವುದು ಅವರ ಪದ್ಧತಿ. ಒಂದು ವರ್ಷ ಅತ್ತೆ ಕೈ ಮುರಿದುಕೊಂಡಿದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು.

ಶಾಲೆಗೆ ರಜೆಯಿದ್ದ ಒಂದು ಸೋಮವಾರ ಬೆಳಿಗ್ಗೆ ಗಡಿಗೆ ತೊಳೆದು ಬೋರಲು ಹಾಕಿದೆ. ಅಲ್ಲಿಯ ಹಿತ್ತಾಳೆ ಲೋಟ ಕಪ್ಪಾಗಿತ್ತು; ಹುಣಸೆಹಣ್ಣು ಹಚ್ಚಿ ತಿಕ್ಕೋಣವೆಂದು ಮನೆಗೆ ತಂದೆ. ಒಂದು ತಾಸು ಬಿಟ್ಟು ನೀರು ಒಯ್ದರಾಯಿತು ಅಂದುಕೊಂಡವಳು, ಉತ್ತರಪತ್ರಿಕೆ ತಿದ್ದುತ್ತ ಮರೆತೇಬಿಟ್ಟೆ.

ಮಧ್ಯಾಹ್ನ ಎರಡಕ್ಕೆ ಅಡುಗೆಮನೆ ಕಟ್ಟೆಯ ಮೇಲಿನ ಲೋಟ ಕಣ್ಣಿಗೆ ಬಿತ್ತು. ಗಡಿಗೆಗೆ ನೀರು ಒಯ್ದೇ ಇರಲಿಲ್ಲ. ಅದು ಮಾವ ಹೊಲದಿಂದ ನಡೆದು ಬರುವ ಹೊತ್ತು. ಎಪ್ಪತ್ತು ದಾಟಿದವರು, ಮರದ ಕೆಳಗೆ ನೀರು ಇದ್ದೇ ಇರುತ್ತದೆಂದು ಬಾಟಲಿ ಒಯ್ಯುವವರಲ್ಲ. ಹಿಂದಿನ ವಾರವಷ್ಟೇ ನಮ್ಮ ಓಣಿಯವರೊಬ್ಬರು ಬಿಸಿಲು ಬಡಿದು ದಾರಿಯಲ್ಲೇ ತೀರಿಕೊಂಡಿದ್ದರು. ಕೊಡ ಎತ್ತಿಕೊಂಡು ಬಾಗಿಲಿಗೆ ಓಡಿದರೆ, ಎದುರಿಗೇ ಮಾವ. ಹೆಗಲ ಮೇಲಿನ ಟವೆಲ್ಲು ಒದ್ದೆಯಾಗಿತ್ತು.

"ಕಣ್ಣಿಗಿ ಕತ್ತಲಿ ಬಂದಿತ್ತವಾ. ಗಿಡದ ಬುಡಕ ಕುಂತು ಎರಡ ಲೋಟ ಕುಡದ ಮ್ಯಾಲೆ ಜೀವ ಬಂತು. ನೀರು ಭಾರಿ ತಂಪ ಇದ್ವು."

"ಯಾವ ಲೋಟದಾಗ ಕುಡದ್ರಿ ಮಾವಾರ?"

"ಅದ, ನಮ್ಮ ಹಿತ್ತಾಳಿ ಲೋಟ."

ಏನೋ ನೆಪ ಹೇಳಿ ಸ್ಕೂಟರ್ ಹತ್ತಿ ಮರದ ಹತ್ತಿರ ಹೋದೆ. ಗಡಿಗೆಗಳು ನಾನು ಬಿಟ್ಟ ಹಾಗೇ ಬೋರಲು ಬಿದ್ದಿದ್ದವು. ಒಂದನ್ನು ಎತ್ತಿ ಒಳಗೆ ಕೈಯಾಡಿಸಿದೆ. ಒಲೆಯ ಮೇಲಿಂದ ಇಳಿಸಿದ ಹಾಗೆ ಬಿಸಿಯಾಗಿತ್ತು. ಇನ್ನೊಂದೂ ಹಾಗೇ. ಮಾವ ಬದುಕಿದ್ದಾರೆ ಎನ್ನುವುದೊಂದೇ ಆಗ ತಲೆಯಲ್ಲಿತ್ತು. ಅಲ್ಲೇ ಕೂತು ಮನಸಾರೆ ಅತ್ತುಬಿಟ್ಟೆ. ಆಮೇಲೆ ನೀರು ತಂದು ಗಡಿಗೆ ತುಂಬಿದೆ.

ದಾರಿಯಲ್ಲಿ ಬೇರೆ ಯಾರೋ ನೀರು ಕೊಟ್ಟಿರಬಹುದು, ಬಿಸಿಲಿಗೆ ಮಾವನ ತಲೆ ಕಲಸಿಹೋಗಿರಬಹುದು. ಸುತ್ತಲ ಹೊಲದವರನ್ನೆಲ್ಲ ಕೇಳಿದೆ. ಆ ಹೊತ್ತಿನಲ್ಲಿ ಯಾರೂ ಹೊರಗೆ ಬಂದಿರಲಿಲ್ಲ. ನನಗಂತೂ ಇವತ್ತಿಗೂ ಬಗೆಹರಿದಿಲ್ಲ. ಗಡಿಗೆ ಖಾಲಿ ಇದ್ದ ಸಂಗತಿಯನ್ನು ಮಾವನಿಗೆ ಹೇಳುವ ಧೈರ್ಯವೂ ಆಗಿಲ್ಲ.

ಈಗ ನಾನು ಒಂದು ದಿನವೂ ತಪ್ಪಿಸುವುದಿಲ್ಲ. ಮಾವ ದಿನಾ ಕುಡಿಯುತ್ತಾರೆ, ದಿನಾ ದೂರುತ್ತಾರೆ: "ಆವತ್ತಿನಷ್ಟು ತಂಪ ಮತ್ತ ಆಗವಲ್ವು ನೋಡವಾ." ಆ ದೂರು ಕಿವಿಗೆ ಬಿದ್ದ ಮೇಲೇ ನನಗೆ ಊಟ ಸೇರುವುದು.