ಡಾಕಪ್ಪನ ಕಳ್ಳ ಭುಜ

ಇಂದೂರದ ಆಚೆಯ ಕಾಡಂಚಿನ ಗೌಳಿ ದಡ್ಡಿಯಲ್ಲಿ, ಎಮ್ಮೆ ಸಾಕುವವರ ಆ ಹಟ್ಟಿಯಲ್ಲಿ, ಡಾಕಪ್ಪನಂಥ ಮೈಗಳ್ಳ ಇನ್ನೊಬ್ಬನಿರಲಿಲ್ಲ. ಹಾಗಂತ ಅವನ ಹೆಂಡತಿ ಧರ್ಮಿಬಾಯಿಯೇ ಹೇಳುತ್ತಿದ್ದಳು. ಎಮ್ಮೆ ಮೇಯಿಸುವುದರಲ್ಲಿ, ಹಿಂಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಬಿಡಿ. ಆದರೆ ಜಂಗಲ್ ಗಾರ್ಡ್ ಕರಿಬಸಪ್ಪ ತನ್ನ ಮೇಲಿನ ಸಾಹೇಬರ ಡೇರೆ ಹೊರಲು ಬಿಟ್ಟಿ ಆಳು ಹುಡುಕಿಕೊಂಡು ಬಂದನೆಂದರೆ ಸಾಕು, ಡಾಕಪ್ಪನ ಬಲಭುಜ ಕಟಕ್ಕೆಂದು ಕೀಲು ತಪ್ಪುತ್ತಿತ್ತು. ಹಿಂದೊಮ್ಮೆ ಮರದಿಂದ ಬಿದ್ದಾಗಿನಿಂದ ಅದು ಬೇಕೆಂದಾಗ ಜಾರಿಸುವಷ್ಟು ಸಡಿಲ. ಮೀಸೆ ತಿರುವುವ ಕರಿಬಸಪ್ಪನಿಗೆ ಆ ಸದ್ದೊಂದನ್ನು ತಡೆದುಕೊಳ್ಳಲಾಗುತ್ತಿರಲಿಲ್ಲ. ಮುಖ ಬಿಳಿಚಿಕೊಂಡು ಕಾಲ್ಕೀಳುತ್ತಿದ್ದ. ಅವನು ದಿಬ್ಬ ದಾಟಿದ ಮೇಲೆ ಧರ್ಮಿಬಾಯಿ ಗಂಡನನ್ನು ಅಂಗಾತ ಕೆಡವಿ, ಕಂಕುಳಿಗೆ ಹಿಮ್ಮಡಿ ಒತ್ತಿ ಕೈ ಜಗ್ಗಿದರೆ ಕೀಲು ಮತ್ತೆ ಕೂರುತ್ತಿತ್ತು. ಬಿಟ್ಟಿ ತಪ್ಪಿಸಿಕೊಳ್ಳಲು ಇದಕ್ಕಿಂತ ಸಲೀಸು ದಾರಿ ಬೇಕೆ?

ಆದರೆ ಎರಡನೇ ಮಹಾಯುದ್ಧ ಶುರುವಾದ ವರ್ಷ, ಒಂದು ಸಂಜೆ ಎಂಟು ತಿಂಗಳ ಮಗಳು ಶಾಂತಿಯನ್ನು ಮೇಲೆತ್ತಿ ಆಡಿಸುತ್ತಿದ್ದಾಗ ಭುಜ ತಾನಾಗಿಯೇ ಜಾರಿತು. ಕೂಸು ಹುಲ್ಲಿನ ರಾಶಿಯ ಮೇಲೆ ಬಿತ್ತು, ಪುಣ್ಯ. ಅರ್ಧ ಮೊಳ ಈಚೆ ಒರಳುಕಲ್ಲಿತ್ತು. ಹೆದರಿಕೆ ಅಂದರೇನೆಂದು ಡಾಕಪ್ಪನಿಗೆ ಗೊತ್ತಾದದ್ದೇ ಆವತ್ತು. ಧರ್ಮಿಬಾಯಿ ಬೈಯಲಿಲ್ಲ, ಕೂಸನ್ನು ಎತ್ತಿಕೊಂಡು ಒಳಗೆ ಹೋದಳು, ಆಮೇಲೆ ಅವನ ಕೈಗೆ ಕೊಡಲೇ ಇಲ್ಲ.

ಒಂದು ತಿಂಗಳು ತಡೆದ. ಆಗಲಿಲ್ಲ. ಹುಬ್ಬಳ್ಳಿಯ ಒಂದು ದವಾಖಾನೆಗೆ ಹೋದ. ಡಾಕ್ಟರು ಎರಡು ಬಗೆಯ ಆಪರೇಶನ್ ಹೇಳಿದರು. ಒಂದು, ಕಾಲಿನ ಎಲುಬಿನಿಂದ ಚಕ್ಕೆ ತೆಗೆದು ಭುಜದ ಗುಳಿಯ ಅಂಚಿಗೆ ಗೂಟದಂತೆ ಕೂರಿಸುವುದು. ಇನ್ನೊಂದು, ಕೀಲಿನ ಸುತ್ತಲ ಸಡಿಲು ಪೊರೆಯನ್ನು ಮಡಚಿ ಬಿಗಿಯಾಗಿ ಹೊಲಿಯುವುದು. ಎರಡಕ್ಕೂ ಅದರದರ ತೊಂದರೆ ಇದೆ, ವಿಚಾರ ಮಾಡು ಎಂದರು.

ಎಮ್ಮೆ ಕೊಳ್ಳುವಾಗಲೂ ಡಾಕಪ್ಪ ಬಾಯಿಮಾತು ನಂಬಿದವನಲ್ಲ. ನಡೆಸಿ, ಹಿಂಡಿ ನೋಡಿಯೇ ಹಗ್ಗ ಹಿಡಿಯುವವನು. ತಪಾಸಣೆಗೆ ಬಂದಿದ್ದ ಇಬ್ಬರು ಹಳೆಯ ರೋಗಿಗಳನ್ನು, ಗೂಟದ ಚನಬಸಪ್ಪ ಮತ್ತು ಹೊಲಿಗೆಯ ಶಿವಲಿಂಗಪ್ಪನನ್ನು, ಹಿತ್ತಲಿಗೆ ಕರೆದೊಯ್ದು, ದಾರಿ ಬಿಟ್ಟ ಎಮ್ಮೆಯತ್ತ ಒಗೆಯುವ ಹಾಗೆ ಕಲ್ಲು ಒಗೆಯಿರಿ ಎಂದ. ಚನಬಸಪ್ಪನ ಕಲ್ಲು ಕಾಂಪೌಂಡ್ ದಾಟಿತು, ಆದರೆ ಮನುಷ್ಯ ಇನ್ನೂ ಕುಂಟುತ್ತಿದ್ದ. ಶಿವಲಿಂಗಪ್ಪನ ಕೈ ಹಿಂದಕ್ಕೇ ಹೋಗದು. ಕಲ್ಲು ಅವನ ಕಾಲಬುಡದಲ್ಲೇ ಬಿತ್ತು. ಆಮೇಲೆ ಇಬ್ಬರ ಕೈಗೂ ತಲೆದಿಂಬು ಕೊಟ್ಟು, ಕೂಸೆಂದು ತಿಳಿದು ಎತ್ತಿ ಆಡಿಸಿ ಎಂದ. ಇಬ್ಬರು ಮೀಸೆಯ ಗಂಡಸರು ದಿಂಬು ಆಡಿಸುತ್ತಿದ್ದಾಗಲೇ ಡಾಕ್ಟರು ಬಂದು ನಿಂತರು. ಡಾಕಪ್ಪ ಅಳುಕಲಿಲ್ಲ.

“ಹೊಲಿಗೀನ ಹಾಕ್ರಿ ಸಾಹೇಬ್ರ. ಕುಂಟಕೋತ ಕೂಸು ಎತ್ತಿದ್ರ ಮತ್ತ ಬೀಳತೈತಿ. ಕಲ್ಲು ನನ್ನ ಹೇಣ್ತಿ ಒಗೀತಾಳ, ಆಕೀ ಗುರಿ ನನಗಿಂತ ಚಲೋ ಐತಿ.”

ಡಾಕ್ಟರು ಬೈಯಬೇಕೆಂದು ಬಂದವರು ನಕ್ಕುಬಿಟ್ಟರು.

ನಾಲ್ಕು ತಿಂಗಳಾದ ಮೇಲೆ, ಭುಜಕ್ಕೆ ಹೊಲಿಗೆ ಬಿದ್ದ ಸುದ್ದಿ ಕೇಳಿ ಕರಿಬಸಪ್ಪ ಹಲ್ಲು ಕಿರಿಯುತ್ತ ಬಂದ. “ಈಗ ಹೆಂಗ ತಪ್ಪಿಸ್ಕೋತಿ ನೋಡೂಣು, ಏಳು,” ಎಂದ. ಅಂಗಳದಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಡಾಕಪ್ಪ ಏಳಹೋದ. ಕಟಕ್! ಅಯ್ಯಯ್ಯೋ ಎಂದು ಹೊರಳಾಡಿದ. ಗಾರ್ಡ್ ದಿಬ್ಬ ದಾಟಿದ್ದು ಯಾರಿಗೂ ಕಾಣಲೇ ಇಲ್ಲ, ಅಷ್ಟು ಬೇಗ ಓಡಿದ್ದ.

ಓಡಿ ಬಂದವಳು ಧರ್ಮಿಬಾಯಿ. ಹೊಲಿಗೆ ಬಿಚ್ಚಿತೆಂದುಕೊಂಡು, ಅದೇ ಹಳೆಯ ರೂಢಿಯಂತೆ ಗಂಡನನ್ನು ಕೆಡವಿ, ಕಂಕುಳಿಗೆ ಹಿಮ್ಮಡಿ ಕೊಟ್ಟು ಜಗ್ಗಿದಳು. ಕೈ ಕೂದಲೆಳೆಯಷ್ಟೂ ಕದಲಲಿಲ್ಲ. ಮತ್ತೆ ಜಗ್ಗಿದಳು. ಡಾಕಪ್ಪ ನಗುತ್ತ ಕಂಬಳಿಯೊಳಗಿಂದ ಎಡಗೈ ಹೊರತೆಗೆದ. ಅದರಲ್ಲಿ ಮುರಿದ ಒಣ ಕಟ್ಟಿಗೆಯ ಎರಡು ತುಂಡುಗಳಿದ್ದವು.

ಅವಳು ಬೈಯುತ್ತಲೇ ಒಳಗೆ ಹೋದಳು. ಬೈಯುತ್ತಲೇ ಹೊರಗೆ ಬಂದು, ಶಾಂತಿಯನ್ನು ಅವನ ಬಲಗೈಗೆ ಕೊಟ್ಟಳು.