ಗೇಟಿಗೆ ಕಟ್ಟಿದ ರಟ್ಟು

ಮೂಡಲಪಾಳ್ಯದ ನಮ್ಮ ಮನೆಗೂ ಕಾಂಪೌಂಡಿಗೂ ನಡುವೆ ಮೂರಡಿ ಮಣ್ಣಿದೆ. ನಾನು ಅದನ್ನು ಗಾರ್ಡನ್ ಎನ್ನುತ್ತೇನೆ. ಈ ಸಲ ಶಿವರಾತ್ರಿ ಹತ್ತಿರ ಬರುತ್ತಿದ್ದಂತೆ ರಸ್ತೆಯ ಹೊಂಗೆ ಮರ ತನ್ನ ಎಲೆಯನ್ನೆಲ್ಲ ನಮ್ಮ ಬಾಗಿಲಿಗೇ ಸುರಿಯಿತು. ಗುಲಾಬಿ ಕಡ್ಡಿಗಳಲ್ಲಿ ಕೆಂಪು ಚಿಗುರು ಕಂಡಿತು. ಚಳಿಗಾಲದಲ್ಲಿ ನಾನೇ ಕತ್ತರಿಸಿದ್ದ ಮಲ್ಲಿಗೆ ಬಳ್ಳಿಯಲ್ಲಿ ಅಕ್ಕಿಕಾಳಿನಷ್ಟು ಮೊಗ್ಗು ಮೂಡಿದವು. ಅಷ್ಟಕ್ಕೇ ನನ್ನ ತಲೆ ತಿರುಗಿತು.

ಒಂದು ಹೂವನ್ನೂ ಯಾರೂ ಮುಟ್ಟಕೂಡದು, ಗಿಡದ ತುಂಬ ಅರಳಿದ ಮೇಲೆ ಫೋಟೋ ತೆಗೆದು ಗಾರ್ಡನ್ ಗ್ರೂಪಿಗೆ ಹಾಕಬೇಕು ಎಂದು ಅಪ್ಪಣೆ ಹೊರಡಿಸಿದೆ. ಮನೆಯಲ್ಲಿ ಇರುವುದು ನಾನು ಮತ್ತು ಅಮ್ಮ. ಅಂದರೆ ಅಪ್ಪಣೆ ಅಮ್ಮನಿಗೆ. ದೇವರಿಗೆ ಹೂವು ಬೇಕಲ್ಲ ಎಂದು ಒಮ್ಮೆ ಕೇಳಿದಳು. ಅಂಗಡಿಯಲ್ಲಿ ಸಿಗುತ್ತದಲ್ಲ ಎಂದೆ. ಅದರ ಮೇಲೆ ಯಾವ ನೀರು ಚಿಮುಕಿಸಿರುತ್ತಾರೋ ಎಂದು ಗೊಣಗಿ ಸುಮ್ಮನಾದಳು. ಗೆದ್ದೆ ಎಂದುಕೊಂಡೆ.

ಸ್ವಲ್ಪ ದಿನಕ್ಕೆ ಎದುರುಮನೆಯ ಆಂಟಿ ಸಿಕ್ಕಿ, ಬೆಳಗಾಗುವಷ್ಟರಲ್ಲಿ ತಮ್ಮ ನಂದಿಬಟ್ಟಲನ್ನು ಯಾರೋ ಖಾಲಿ ಮಾಡುತ್ತಿದ್ದಾರೆ ಎಂದು ಹೇಳಿಕೊಂಡರು. ವಾಕಿಂಗ್ ನೆಪದಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು ಕಂಡವರ ಕಾಂಪೌಂಡಿಗೆ ಕೈ ಹಾಕುವವರನ್ನು ಕಂಡರೆ ನನಗೆ ಮೊದಲೇ ಉರಿ. ರಟ್ಟಿನ ಮೇಲೆ ಮಾರ್ಕರ್‌ನಲ್ಲಿ ದಪ್ಪಗೆ ಬರೆದು ಅವರ ಗೇಟಿಗೆ ನಾನೇ ಕಟ್ಟಿದೆ: ‘ಕದ್ದ ಹೂವು ದೇವರಿಗೆ ಬೇಡ. ನಾಚಿಕೆ ಇರಲಿ.’ ಅಮ್ಮನಿಗೂ ಓದಿ ಹೇಳಿದೆ. ಅಲ್ಲಿಯವರೆಗೆ ಹೂವಿರುತ್ತಿದ್ದ ದೇವರ ಪಟಕ್ಕೆ ಮಾರನೆಯ ದಿನದಿಂದ ಬರೀ ಅಕ್ಷತೆ. ಅದು ಯಾಕೆಂದು ನನಗೆ ಹೊಳೆಯಲಿಲ್ಲ.

ಆಮೇಲೊಂದು ಸಂಜೆ ಆಂಟಿ ಆ ರಟ್ಟನ್ನು ಮಡಚಿ ಹಿಡಿದುಕೊಂಡು ಬಂದರು. ತಗ್ಗಿದ ದನಿಯಲ್ಲಿ, “ನಮ್ ಗೇಟಿನ ಕ್ಯಾಮೆರಾದ ಹಳೇ ವಿಡಿಯೋ ನೋಡಿದ್ವಿ ಸಾರ್. ನಿಮ್ ತಾಯಿ ಬೇಕಾದಷ್ಟು ಕಿತ್ಕೊಳ್ಳಲಿ, ನಮ್ದೇನಿಲ್ಲ. ಅವ್ರಿಗೆ ಏನೂ ಅನ್ಬೇಡಿ,” ಎಂದರು.

ನನಗೆ ಮೊದಲು ನಾಚಿಕೆಯಾದದ್ದು ಬೀದಿಯವರ ಮುಂದೆ ಮಾನ ಹೋಯಿತಲ್ಲ ಎಂದು. ಅದನ್ನೂ ಬಚ್ಚಿಡುವುದಿಲ್ಲ. ಒಳಗೆ ತಿರುಗಿದರೆ ಅಮ್ಮ ಬಾಗಿಲಲ್ಲೇ ನಿಂತಿದ್ದಳು, ಎಲ್ಲ ಕೇಳಿಸಿತ್ತು.

“ನಿನ್ನ ಗಿಡ ಮುಟ್ಟಿಲ್ಲ ಕಣೋ,” ಎಂದಳು.

ಬೀದಿಯ ಮಾತೆಲ್ಲ ಮರೆತೇಹೋಯಿತು. ಅಮ್ಮನನ್ನು ಬೇರೆಯವರ ಗೇಟಿನ ಹತ್ತಿರ ಕತ್ತಲಲ್ಲಿ ನಿಲ್ಲಿಸಿದವನು ನಾನು, ಮೇಲೆ ಅವಳ ಮುಂದೆಯೇ ಆ ರಟ್ಟನ್ನು ಓದಿದವನೂ ನಾನು. ಎಷ್ಟು ಸಣ್ಣವನು ಎನಿಸಿ ಆ ರಾತ್ರಿ ಅವಳ ಎದುರಿಗೆ ಊಟಕ್ಕೆ ಕೂರಲಾಗಲಿಲ್ಲ.

ಎರಡು ದಿನ ಬಿಟ್ಟು ಬಳ್ಳಿಯಲ್ಲಿ ಮೊದಲ ಮಲ್ಲಿಗೆಗಳು ಅರಳಿದವು. ಬೆಳಿಗ್ಗೆ ಹೂವಿನ ಬುಟ್ಟಿಯನ್ನು ಅಮ್ಮನ ಕೈಗಿಟ್ಟು, ಎಲ್ಲ ಕಿತ್ತುಕೋ ಎಂದೆ. ಬಳ್ಳಿಗೆ ಕೈ ಚಾಚಿದವಳು ಹಿಂದಕ್ಕೆ ತೆಗೆದುಕೊಂಡಳು.

“ಫೋಟೋ ತಗೊಂಡ್ಯೇನೋ?”

ಕುಟುಕಲು ಕೇಳಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅವಳು ಬುಟ್ಟಿಯನ್ನು ಎದೆಗೊತ್ತಿಕೊಂಡು ನನ್ನ ಉತ್ತರಕ್ಕೆ ಕಾಯುತ್ತಾ ನಿಂತಿದ್ದಳು.