ತೋಳದ ದವಡೆ ಹಲ್ಲು

ಊರಿಗೆಲ್ಲ ಅವಳು ಬೋರ್ಡಮ್ಮ. ಅಂಗಡಿಗಳ ಬೋರ್ಡು, ಗಾಡಿಗಳ ನಂಬರ್ ಪ್ಲೇಟು, ಗೇಟಿನ ಮೇಲಿನ ‘ಇಲ್ಲಿ ಗಾಡಿ ನಿಲ್ಲಿಸಬೇಡಿ’, ಎಲ್ಲ ಅವಳ ಕೈಯದೇ. ಅಕ್ಷರವೆಂದರೆ ಮುತ್ತು ಪೋಣಿಸಿದ ಹಾಗೆ. ಚಿತ್ರ ಮಾತ್ರ ಒಗ್ಗುತ್ತಿರಲಿಲ್ಲ. ಒಮ್ಮೆ ಹಾಲಿನ ಅಂಗಡಿಗೆ ಹಸು ಬರೆದುಕೊಟ್ಟಾಗ ಅಂಗಡಿಯವನು ಬಹಳ ಹೊತ್ತು ನೋಡಿ, “ನಾಯಿ ಚೆನ್ನಾಗಿ ಬಂದಿದೆ. ಆದ್ರೆ ನಾವು ನಾಯಿ ಹಾಲು ಮಾರಲ್ಲ” ಎಂದಿದ್ದ.

ಅಂಥವಳನ್ನು ಹಲ್ಲಿನ ಡಾಕ್ಟರು ಕರೆಸಿದರು. “ಮಕ್ಕಳು ಒಳಗೆ ಬರೋಕೆ ಮುಂಚೆನೇ ಅಳ್ತಾವೆ. ಈ ಗೋಡೆ ತುಂಬ ನೀತಿಕತೆ ಚಿತ್ರ ಬರೀರಿ. ಆ ಕಡೆ ಆಮೆ ಮೊಲ, ಈ ಕಡೆ ನರಿ ದ್ರಾಕ್ಷಿ. ನಡುವೆ ದೊಡ್ಡದಾಗಿ, ತೋಳದ ಗಂಟಲಿಂದ ಮೂಳೆ ತೆಗೆಯೋ ಕೊಕ್ಕರೆ. ಅದು ನಮ್ಮ ಕಸುಬೇ ಅಲ್ವಾ?”

ಬೋರ್ಡಮ್ಮ ಹೂಂ ಎಂದಳು. ಹಾಲಿನ ಅಂಗಡಿಯ ಹಸುವಿನ ಮಾತೆತ್ತಲಿಲ್ಲ.

ಎದುರಿಗಿಟ್ಟುಕೊಂಡು ನೋಡಿ ಬರೆದರೆ ಬಂದೀತು ಎನಿಸಿತು. ಹೆಲ್ಮೆಟ್ಟು ನೋಡಿ ಆಮೆ ಬರೆದಳು. ಡಾಕ್ಟರ ಉದ್ದ ಕತ್ತು ನೋಡಿ ಕೊಕ್ಕರೆ ಬರೆದಳು, ಅವರಿಗೆ ಗೊತ್ತಾಗಲಿಲ್ಲ. ತೋಳ ಮಾತ್ರ ಕೈಗೆ ಸಿಗಲಿಲ್ಲ. ಪುಸ್ತಕದ ತೋಳಗಳೆಲ್ಲ ಬಾಯಿ ಮುಚ್ಚಿಕೊಂಡಿದ್ದವು.

ಒಂದು ಮಧ್ಯಾಹ್ನ ಊಟ ಮುಗಿಸಿ ಅತ್ತೆ ಅಂಗಾತ ಮಲಗಿದ್ದರು. ಗೊರಕೆ ಮನೆ ಎತ್ತುವಂತಿತ್ತು, ಬಾಯಿ ಗುಹೆಯಂತೆ ತೆರೆದಿತ್ತು. ಬೋರ್ಡಮ್ಮ ಸದ್ದಿಲ್ಲದೆ ಸ್ಟೂಲು ಎಳೆದುಕೊಂಡು ಪೆನ್ಸಿಲು ಹಿಡಿದಳು. ಹಲ್ಲುಗಳ ಸಂದು, ಸೊಟ್ಟ, ಕಪ್ಪು, ಒಂದನ್ನೂ ಬಿಡಲಿಲ್ಲ.

ಈ ಅತ್ತೆ ಬಹಳ ದಿನದಿಂದ ಒಂದೇ ಕಡೆ ಅಗಿಯುತ್ತಿದ್ದರು. ಡಾಕ್ಟರ ಮಾತೆತ್ತಿದರೆ, “ನನ್ನ ಬಾಯಿಗೆ ಕೈ ಹಾಕಿದ್ರೆ ಕಚ್ಚಿಬಿಡ್ತೀನಿ” ಎನ್ನುತ್ತಿದ್ದರು.

ಗೋಡೆ ಮುಗಿಯಿತು. ಮಕ್ಕಳು ಅಳು ಬಿಟ್ಟು ತೋಳದ ಹಲ್ಲು ಎಣಿಸತೊಡಗಿದರು. ಡಾಕ್ಟರು ಟೀ ಲೋಟ ಹಿಡಿದು ಅದರೆದುರು ನಿಂತೇ ಇದ್ದರು. ಕೊನೆಗೆ ಬೋರ್ಡಮ್ಮನನ್ನು ಕರೆದರು.

“ಈ ತೋಳ ಯಾವುದಮ್ಮ?”

“ಯಾವುದು ಅಂದ್ರೆ? ಕಾಡಿಂದು.”

“ಇರಲಿ. ಎಡಗಡೆ ಕೆಳಗಿನ ದವಡೆ ಹಲ್ಲು ಪೂರ್ತಿ ಹುಳುಕು. ಒಸಡು ಬೇರೆ ಊದಿದೆ. ಬೇಗ ಕರ್ಕೊಂಡು ಬನ್ನಿ ಅದನ್ನ.”

‘ನನ್ನ ಚಿತ್ರ ನೋಡೋಕೆ ಬನ್ನಿ’ ಎಂದು ಪುಸಲಾಯಿಸಿ ಅತ್ತೆಯನ್ನು ಕರೆತಂದಳು. ಅತ್ತೆ ಇಸ್ತ್ರಿ ಬಟ್ಟೆ ಉಟ್ಟು ಬಂದು ಗೋಡೆ ನೋಡಿ ತಲೆದೂಗಿದರು. ಪಕ್ಕದ ಕುರ್ಚಿಯ ಪುಟ್ಟ ಹುಡುಗಿ ತೋಳವನ್ನು ನೋಡಿದಳು, ಅತ್ತೆಯನ್ನು ನೋಡಿದಳು.

“ಅಜ್ಜಿ, ಒಂದ್ಸಲ ಆ ಅನ್ನಿ.”

“ಆ? ಯಾಕೆ?”

“ಅಮ್ಮಾ, ಅದೇ ಹಲ್ಲು” ಎಂದು ಹುಡುಗಿ ತಾಯಿಯ ಬೆನ್ನ ಹಿಂದೆ ಸರಿದಳು.

ಅತ್ತೆ ನಿಧಾನವಾಗಿ ಸೊಸೆಯತ್ತ ತಿರುಗಿದರು. “ನನ್ನನ್ನ ತೋಳ ಮಾಡಿದ್ಯಾ?”

“ಬಾಯಿ ಮಾತ್ರ ನಿಮ್ಮದು ಅತ್ತೆ. ಕಿವಿ, ಬಾಲ ನಿಮ್ಮದಲ್ಲ.”

ಅಷ್ಟರಲ್ಲಿ ಡಾಕ್ಟರು ಬಾಗಿಲಲ್ಲಿ ಇಣುಕಿ, “ತೋಳ ಬಂತಾ?” ಎಂದವರು ನಾಲಗೆ ಕಚ್ಚಿಕೊಂಡರು.

ಅತ್ತೆ ತಿರುಗಿ ಹೋಗುವ ಹಾಗಿರಲಿಲ್ಲ. ಅಷ್ಟೂ ಮಕ್ಕಳು ಕಣ್ಣು ಪಿಳಿಪಿಳಿ ಬಿಟ್ಟು ನೋಡುತ್ತಿದ್ದರು. ಅತ್ತೆ ತಲೆಯೆತ್ತಿ ಒಳಗೆ ನಡೆದರು. ಹೊರಗೆ ಬೋರ್ಡಮ್ಮ ಕೈ ಹಿಸುಕಿಕೊಳ್ಳುತ್ತ ಕುಳಿತಳು. ತಪ್ಪು ಮಾಡಿದೆ ಅನ್ನಿಸಿತು. ಒಳಗೆ ಹಲ್ಲು ಕಿತ್ತು ಬಂತು. ಡಾಕ್ಟರ ಬೆರಳೂ ಉಳಿಯಿತು.

ಕೆನ್ನೆಯಲ್ಲಿ ಹತ್ತಿ ಇಟ್ಟುಕೊಂಡು ಬಂದ ಅತ್ತೆ ಗೋಡೆಯತ್ತ ಬೆರಳು ಮಾಡಿದರು. “ಅದರದೂ ತೆಗಿ. ನನಗೊಬ್ಬಳಿಗೇ ಯಾಕೆ ನೋವು?”

ಬೋರ್ಡಮ್ಮ ಅಲ್ಲೇ ಗುಲಾಬಿ ಬಣ್ಣ ಕಲಸಿ ಹಲ್ಲು ಮುಚ್ಚಿದಳು.

ಈಗ ಅವಳಿಗೆ ಅಕ್ಷರಕ್ಕಿಂತ ಪ್ರಾಣಿಗಳ ಕೆಲಸವೇ ಹೆಚ್ಚು. ಗ್ರಂಥಾಲಯದವರು ಘರ್ಜಿಸುವ ಸಿಂಹ ಬೇಕೆಂದು ಕೇಳಿದ್ದಾರೆ. ಆ ಸುದ್ದಿ ತಿಳಿದ ಮೇಲೆ ಗಂಡ ಅವಳೆದುರು ಬಾಯಿಗೆ ಕೈ ಅಡ್ಡ ಹಿಡಿಯದೆ ಆಕಳಿಸುವುದಿಲ್ಲ.